ಅಳಿವೆ ದಾಟುವ ಮಂಜಿ

ಮಂಗಳೂರಿನ ಕುದ್ರೋಳಿಯಿಂದ ತೆಂಕಕ್ಕೆ ಸ್ವಲ್ಪ ನಡೆದರೆ ಹಳೆ ಬಂದರು. ಮಳೆಗಾಲ ಕಳೆದ ಮೇಲೆ ಲಕ್ಷದ್ವೀಪಕ್ಕೆ ಮಂಜಿಗಳು, ಅಂದರೆ ಸರಕಿನ ಹಡಗುಗಳು, ಹೊರಡುವುದು ಇಲ್ಲಿಂದಲೇ. ಆ ಪಯಣದ ಮೊದಲ ದಿನವೆಂದರೆ ನನಗೆ ಬಲು ಪ್ರೀತಿ. ಅಂದು ಸರಕು ತುಂಬುತ್ತಾರೆ. ಅಕ್ಕಿ, ಸಿಮೆಂಟು, ಜಲ್ಲಿ, ತರಕಾರಿ: ಭಾರದ್ದು ತಳಕ್ಕೆ, ಬಾಡುವಂಥದ್ದು ಗಾಳಿ ತಾಗುವಲ್ಲಿಗೆ. ಒಂದು ಬದಿ ಹೆಚ್ಚಾದರೆ ಕಡಲಲ್ಲಿ ಮಂಜಿ ವಾಲುತ್ತದೆ. ಕಣ್ಣಳತೆಯಲ್ಲೇ ಅದನ್ನು ಸರಿದೂಗಿಸುವ ಕಲಾಸಿಗಳ, ಆ ಹಡಗಿನ ಆಳುಗಳ, ಕೈಚಳಕ ದೊಡ್ಡದು!

ನೇತ್ರಾವತಿ, ಫಲ್ಗುಣಿ ಕೂಡುವ ಅಳಿವೆಯಲ್ಲಿ ಮರಳದಿಬ್ಬಗಳು ಜಾಗ ಬದಲಿಸುತ್ತಲೇ ಇರುತ್ತವೆ. ಭರತಕ್ಕೆ ಕಾದು, ಬೆಂಗರೆಯ ಮರಳದಂಡೆಯನ್ನು ಬಲಕ್ಕಿಟ್ಟುಕೊಂಡು ಮಂಜಿ ನಡೆಸುವ ತಂಡೇಲರು ದಾರಿ ಹಿಡಿಯುತ್ತಾರೆ.

ಆ ದಾರಿ ಸೇರುವ ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನ ತೆಂಗಿನ ನಾರಿನ ಹುರಿ ಇಲ್ಲಿಗೆ ಬರುತ್ತಿತ್ತು, ಇಲ್ಲಿನ ಅಕ್ಕಿ ಅಲ್ಲಿನ ಮನೆಮನೆಯ ಒಲೆಗೆ ಹೋಗುತ್ತಿತ್ತು.