ಅಂಚಿಗೆ ಪಟ್ಟಿ, ಪಟ್ಟಿಗೆ ಅಂಟು

ವಾರ್ಡ್‌ರೋಬ್ ಮಾಡಿಸುವವರು ಪ್ಲೈವುಡ್ಡಿನ ಮೇಲೆ ನೀರು ತಡೆಯುವ ದರ್ಜೆಯ ಐಎಸ್ 710ರ ಮುದ್ರೆ ಇದೆಯೇ ಎಂದು ಬಗ್ಗಿ ನೋಡುತ್ತಾರೆ, ಲ್ಯಾಮಿನೇಟಿನ ಬಣ್ಣಕ್ಕೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಬಾಗಿಲಿನ ಅಡಿಗೆ ಕೈಹಾಕಿ ಅಂಚು ಸವರಿ ನೋಡುವವರು ಕಡಿಮೆ. ಕೆಲಸದ ಹಣೆಬರಹ ತಿಳಿಯುವುದು ಮಾತ್ರ ಅಲ್ಲೇ. ಕೊಯ್ದ ಕಡೆ ಪ್ಲೈವುಡ್ಡಾದರೆ ಪದರಗಳು, ಎಂಡಿಎಫ್ ಆದರೆ ಒತ್ತಿದ ನಾರು ಬಯಲಾಗಿರುತ್ತವೆ. ನೀರು ಇಳಿಯುವುದು ಆ ದಾರಿಯಿಂದ, ಸಿಂಕಿನ ಕೆಳಗಿನ ಪಾರ್ಟಿಕಲ್ ಬೋರ್ಡು ಉಬ್ಬಲು ಶುರುವಾಗುವುದು ಅಲ್ಲಿಂದ, ಬೋರ್ಡಿನೊಳಗಿನ ಫಾರ್ಮಾಲ್ಡಿಹೈಡ್ ಸುಲಭವಾಗಿ ಹೊರಬರುವುದೂ ಅಲ್ಲಿಂದಲೇ. ಇದನ್ನು ಮುಚ್ಚುವ ಪಟ್ಟಿಯನ್ನು ಕೈಯಲ್ಲಿ ಅಂಟಿಸಿದರೆ ನಿಲ್ಲುವುದಿಲ್ಲ, ಯಂತ್ರವೇ ಬೇಕು ಎಂಬುದು ಮಾಡ್ಯುಲರ್ ಅಂಗಡಿಗಳ ವಾದ. ನನಗದು ಅರ್ಧ ಮಾತ್ರ ಒಪ್ಪಿಗೆ. ಬಹುತೇಕ ಸಲ ಕೈಕೊಡುವುದು ಅಂಟು. ಬೈಗುಳ ತಿನ್ನುವವನು ಬಡಗಿ.

ಸೈಟಿನಲ್ಲಿ ನಡೆಯುವುದನ್ನೇ ನೋಡಿ. 18 ಮಿ.ಮೀ. ಹಲಗೆ, ಎರಡು ಮಗ್ಗುಲ ಲ್ಯಾಮಿನೇಟು ಸೇರಿ ಸುಮಾರು 20. ಅದಕ್ಕೆ 22 ಮಿ.ಮೀ. ಅಗಲದ ಪಿವಿಸಿ ಪಟ್ಟಿ. ಅಂಟು, ಬಡಗಿಗಳು ಎಸ್‌ಆರ್ ಎನ್ನುವ ರಬ್ಬರ್ ಅಂಟು. ಪಟ್ಟಿಗೂ ಅಂಚಿಗೂ ತೆಳ್ಳಗೆ ಎಳೆದು, ಬೆರಳು ಇಟ್ಟರೆ ಹತ್ತದಷ್ಟು ಆರಿದ ಮೇಲೆ ಕೂಡಿಸಬೇಕು. ಸಂಜೆಯೊಳಗೆ ಇನ್ನೂ ನಾಲ್ಕು ಬಾಗಿಲು ಮುಗಿಯಬೇಕಾದಾಗ ಈ ಕಾಯುವಿಕೆಗೇ ಕತ್ತರಿ ಬೀಳುತ್ತದೆ. ಹಸಿಯಿರುವಾಗಲೇ ಒತ್ತಿದರೆ ದ್ರಾವಕ ಒಳಗೇ ಸಿಕ್ಕಿಕೊಂಡು ಪಟ್ಟಿ ನಿಧಾನವಾಗಿ ಏಳುತ್ತದೆ. ಎಂಡಿಎಫ್ ಮೊದಲ ಕೋಟನ್ನು ಕುಡಿದುಬಿಡುವುದರಿಂದ ಅದಕ್ಕೆ ಎರಡನೆಯದು ಬೇಕು; ಅವಸರದಲ್ಲಿ ಅದೂ ತಪ್ಪಿಹೋಗುತ್ತದೆ. ಇಷ್ಟೆಲ್ಲ ಸರಿಯಾಗಿ ಮಾಡಿದರೂ ರಬ್ಬರ್ ಅಂಟು ಕಾವಿಗೆ ಮೆದುವಾಗುವಂಥದ್ದು. ಒಲೆಯ ಪಕ್ಕದ ಬಾಗಿಲಲ್ಲಿ ಪಟ್ಟಿ ಕೂದಲೆಳೆಯಷ್ಟು ಸರಿದರೆ ಸಾಕು, ಸಂದಿಯಲ್ಲಿ ಎಣ್ಣೆಜಿಡ್ಡು ಕೂತು ಕಪ್ಪು ಗೆರೆ ಬಿಡುತ್ತದೆ. ಇಲ್ಲಿ ಕೈ ಮಾಡುತ್ತಿರುವುದು ಯಂತ್ರದ ನಕಲು. ಯಂತ್ರದ ಹತ್ತಿರ 180-200 ಡಿಗ್ರಿಯಲ್ಲಿ ಕರಗಿದ ಅಂಟು, ಒಂದೇ ಸಮನೆ ಒತ್ತುವ ರೋಲರುಗಳು ಇವೆ. ಅವೆರಡೂ ಇಲ್ಲದೆ ಅದೇ ಪಟ್ಟಿಯನ್ನು ಹಿಡಿದು ಕೂತರೆ ಸೋಲು ಖಾತ್ರಿ. ಅಡುಗೆಮನೆಗೆ ಈ ಪದ್ಧತಿ ಬೇಡ ಎಂದೇ ನನ್ನ ಅಭಿಪ್ರಾಯ.

ಅದೇ ಕೈಗೆ ಹಿಂಬದಿಯಲ್ಲಿ ಅಂಟು ಬಳಿದೇ ಬರುವ ವಿನಿಯರ್ ಪಟ್ಟಿ ಕೊಟ್ಟರೆ ಕಥೆಯೇ ಬೇರೆ. ಆವಿ ಬಂದ್ ಮಾಡಿದ ಇಸ್ತ್ರಿಪೆಟ್ಟಿಗೆ ನಿಧಾನವಾಗಿ ಸಾಗಬೇಕು. ನಿಂತರೆ ಮರ ಕಂದುತ್ತದೆ, ಓಡಿದರೆ ಅಂಟು ಕರಗುವುದಿಲ್ಲ. ಪೆಟ್ಟಿಗೆಯ ಹಿಂದೆಯೇ ಇನ್ನೊಂದು ಕೈ ಮರದ ತುಂಡಿನಿಂದ ಪಟ್ಟಿಯನ್ನು ತಿಕ್ಕುತ್ತ ಬರಬೇಕು, ಅಂಟು ಆರಿ ಬಿಗಿಯುವುದು ಆ ಒತ್ತಡದಲ್ಲಿ. ನಿಜವಾದ ಕಸುಬು ಕಾಣುವುದು ಆಮೇಲೆ, ಅರ ಹಿಡಿದಾಗ. ಹೊರಚಾಚಿದ ಭಾಗದ ಮೇಲೆ ಅರವನ್ನು ಓರೆಯಾಗಿಟ್ಟು ಹಲಗೆಯ ಕಡೆಗೇ ತಳ್ಳಬೇಕು. ಹಿಂದಕ್ಕೆ ಎಳೆದರೆ ಪಟ್ಟಿ ಸೀಳಿಕೊಂಡು ಬರುತ್ತದೆ. ಚೂಪು ಮುರಿಯಲು ಕೊನೆಗೆ ನಯವಾದ ಸ್ಯಾಂಡ್ ಪೇಪರನ್ನು ಒಂದೆರಡು ಸಲ ಆಡಿಸಿದರೆ ಸಾಕು. ಪಳಗಿದವನು ಅಡ್ಡ ಅಂಚುಗಳನ್ನು ಮೊದಲು ಮುಗಿಸಿ ಎದುರಿನ ಅಂಚನ್ನು ಕೊನೆಗೆ ಹಾಕುತ್ತಾನೆ, ಮುಂದಿನಿಂದ ನೋಡುವವರಿಗೆ ಜೋಡಣೆ ಕಾಣದಿರಲಿ ಎಂದು. ಪುಸ್ತಕದ ಕಪಾಟಿಗೆ, ಟಿವಿ ಯೂನಿಟ್ಟಿಗೆ ಇದು ಧಾರಾಳವಾಗಿ ಸಾಕು.

ಆದರೂ ಕೈಗೆ ಹೇಳಿ ಮಾಡಿಸಿದ್ದು ತೇಗದ ಪಟ್ಟಿಯೇ. ಕೆಲವು ಮಿಲಿಮೀಟರ್ ದಪ್ಪದ ಪಟ್ಟಿಯನ್ನು ಬಿಳಿ ಫೆವಿಕಾಲ್ ಹಚ್ಚಿ, ಸಣ್ಣ ಮೊಳೆ ಹೊಡೆದು ಕೂಡಿಸಿ, ಆರಿದ ಮೇಲೆ ತೋಪಡ ಹೊಡೆದು ಹಲಗೆಯ ಮಟ್ಟಕ್ಕೆ ತಂದು, ಮೇಲೆ ಲ್ಯಾಮಿನೇಟು ಹಾಸಿದರೆ ಅಂಚಿಗೆ ತಾಗುವ ಪೆಟ್ಟನ್ನು ಗಟ್ಟಿಮರ ತಡೆದುಕೊಳ್ಳುತ್ತದೆ. ಗೀರು ಬಿದ್ದರೆ ಮತ್ತೆ ಉಜ್ಜಿ ಪಾಲಿಶ್ ಮಾಡಬಹುದು, ಒಂದು ಮಿ.ಮೀ. ಪಿವಿಸಿಗೆ ಆ ಭಾಗ್ಯವಿಲ್ಲ. ತೇಗಕ್ಕೆ ದುಡ್ಡು ಹೆಚ್ಚು, ಪಾಲಿಶಿಗೆ ದಿನ ಹೆಚ್ಚು, ಮೇಲಾಗಿ ಬಿಳಿ ಹೊಳಪಿನ ಅಡುಗೆಮನೆ ಬೇಕೆನ್ನುವವರಿಗೆ ಮರದ ಗೆರೆ ಕಣ್ಣಿಗೆ ಚುಚ್ಚುತ್ತದೆ. ಈಚಿನ ಮನೆಗಳಲ್ಲಿ ಇದು ಅಪರೂಪವಾಗಿರುವುದಕ್ಕೆ ಕುಶಲತೆಯ ಕೊರತೆಗಿಂತ ಈ ರುಚಿಯೇ ದೊಡ್ಡ ಕಾರಣವಿರಬೇಕು.

ಯಂತ್ರವನ್ನು ಕಡೆಗಣಿಸುವಂತಿಲ್ಲ. ಅದರ ಗೆರೆಯ ನೇರ ಕೈಗೆ ದಕ್ಕುವುದಲ್ಲ. ತೇವಾಂಶ ಹೀರಿ ಗಟ್ಟಿಯಾಗುವ ಪಿಯುಆರ್ ಅಂಟು ಬಳಸಿದ್ದರೆ ನೀರು, ಕಾವು ಎರಡನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಗೋಡೆ ತೂಗುಗುಂಡಿಗೆ ನೇರವಾಗಿ ನಿಂತಿರುವ ಮನೆಗಳು ಎಷ್ಟಿವೆ? ಕಾರ್ಖಾನೆಯಿಂದ ಅಳತೆಗೆ ಸರಿಯಾಗಿ ಬಂದ ಹಲಗೆಯನ್ನೂ ಮೂಲೆಯಲ್ಲಿ ಕೂರಿಸುವಾಗ ಅರ್ಧ ಇಂಚು ಕೊಯ್ಯಬೇಕಾಗುತ್ತದೆ. ಕೊಯ್ದ ಅಂಚು ಬೆತ್ತಲೆ. ಗೋಡೆಗೆ ಆನಿಕೊಂಡಿದೆ, ಯಾರಿಗೂ ಕಾಣುವುದಿಲ್ಲ ಎಂದು ಅದನ್ನು ಹಾಗೇ ಬಿಟ್ಟುಬಿಡುವುದು ರೂಢಿ. ಗೋಡೆಯ ತೇವ ತಾಗುವುದು ಅದಕ್ಕೇ. ಯಂತ್ರದ ಕೆಲಸವೆಂದು ದುಡ್ಡು ತೆತ್ತವರು ಕೇಳಬೇಕಾದ್ದು ಈ ಒಂದು ಅಂಚಿನ ಸಂಗತಿ: ಸೈಟಿನಲ್ಲಿ ಕೊಯ್ದಿದ್ದಕ್ಕೆ ಪಟ್ಟಿ ಹಾಕಿದವರು ಯಾರು, ಯಾವ ಅಂಟಿನಲ್ಲಿ?