ಹೊಸ ಶೋಧಗಳ ಸುದ್ದಿಯೂ ನಮ್ಮ ರೆಕಾರ್ಡ್ ಪುಸ್ತಕವೂ

ಕೆಲವು ವರ್ಷಗಳ ಹಿಂದೆ ರಾಷ್ಟ್ರೀಯ ವಿಜ್ಞಾನ ದಿನದ ಉಪನ್ಯಾಸಕ್ಕೆಂದು ನ್ಯಾಮತಿಗೆ ಹೋಗಿದ್ದೆ. ರಾಮನ್ ಪರಿಣಾಮದ ಬಗ್ಗೆ ಮಾತನಾಡಿ ಮುಗಿಸುವಷ್ಟರಲ್ಲಿ ಪದವಿ ತರಗತಿಯ ವಿದ್ಯಾರ್ಥಿಯೊಬ್ಬ ಎದ್ದು ನಿಂತ. "ಸರ್, ಬೆಂಗಳೂರಿನಲ್ಲಿ ಕೊಠಡಿ ಉಷ್ಣತೆಯ ಅತಿವಾಹಕ ಕಂಡುಹಿಡಿದಿದ್ದಾರಲ್ಲ, ಅದಕ್ಕೆ ನೊಬೆಲ್ ಯಾವಾಗ ಬರುತ್ತದೆ?" ಎಂದು ಕೇಳಿದ. ಹೈಸ್ಕೂಲಿನಲ್ಲಿದ್ದಾಗ ಪತ್ರಿಕೆಯಲ್ಲಿ ಓದಿ ಕತ್ತರಿಸಿಟ್ಟುಕೊಂಡಿದ್ದ ಸುದ್ದಿ ಅದಂತೆ. ಆಮೇಲೆ ಏನಾಯಿತು ಎಂಬುದು ಅವನಿಗೆ ತಿಳಿದಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಅಧ್ಯಾಪಕರಿಗೂ ತಿಳಿದಿರಲಿಲ್ಲ. ಇದು ಅವರ ತಪ್ಪೆಂದು ನಾನು ಹೇಳಲಾರೆ. ಶೋಧದ ಸುದ್ದಿಯನ್ನು ಹಳ್ಳಿಹಳ್ಳಿಗೆ ಮುಟ್ಟಿಸುವ ನಾವು, ಅದರ ಪರಿಶೀಲನೆಯ ಸುದ್ದಿಯನ್ನು ಮುಟ್ಟಿಸುವುದಿಲ್ಲ.

ವಿಷಯ ಇಷ್ಟು. 1911ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಓನ್ಸ್ ಅವರು ಪಾದರಸವನ್ನು ಸುಮಾರು 4.2 ಕೆಲ್ವಿನ್‌ಗೆ, ಅಂದರೆ ಮೈನಸ್ 269 ಡಿಗ್ರಿ ಸೆಲ್ಸಿಯಸ್‌ಗೆ ತಂಪುಗೊಳಿಸಿದಾಗ ಅದರ ವಿದ್ಯುತ್ ರೋಧ ಇಲ್ಲವಾದುದನ್ನು ಕಂಡರು. 1987ರಲ್ಲಿ ತಯಾರಾದ ಇಟ್ರಿಯಂ, ಬೇರಿಯಂ, ತಾಮ್ರಗಳ ಆಕ್ಸೈಡು ಸುಮಾರು 93 ಕೆಲ್ವಿನ್‌ನಲ್ಲೇ ಅತಿವಾಹಕವಾಯಿತು. ಅಗಾಧ ಒತ್ತಡವಿಲ್ಲದೆ, ಕೊಠಡಿಯ ಉಷ್ಣತೆಯಲ್ಲಿ ಈ ಗುಣ ತೋರುವ ವಸ್ತು ಮಾತ್ರ ಇಂದಿಗೂ ಕೈಗೆ ಸಿಕ್ಕಿಲ್ಲ. 2018ರ ಜುಲೈನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ದೇವ್ ಕುಮಾರ್ ಥಾಪಾ ಮತ್ತು ಅಂಶು ಪಾಂಡೆ ಅವರು, ಚಿನ್ನದೊಳಗೆ ಬೆಳ್ಳಿಯ ನ್ಯಾನೋ ಕಣಗಳನ್ನು ಹುದುಗಿಸಿದ ವಸ್ತುವೊಂದು ಸಾಮಾನ್ಯ ಒತ್ತಡದಲ್ಲಿ 236 ಕೆಲ್ವಿನ್‌ನಲ್ಲಿ, ಅಂದರೆ ಮೈನಸ್ 37 ಡಿಗ್ರಿಯಲ್ಲಿ ಅತಿವಾಹಕವಾಗುತ್ತದೆ ಎಂದು ಆರ್ಕೈವ್ ಎಂಬ ಅಂತರಜಾಲ ಭಂಡಾರದಲ್ಲಿ ಪ್ರಬಂಧ ಪ್ರಕಟಿಸಿದರು. ನಮ್ಮ ರಾಜ್ಯದಲ್ಲೇ ಇಂಥ ಘೋಷಣೆ ಬಂದಾಗ ಸಂಭ್ರಮವಾದುದು ಸಹಜ. ನನಗೂ ಆಯಿತು.

ಆಗಸ್ಟ್‌ನಲ್ಲಿ ಅಮೆರಿಕದ ಎಂಐಟಿಯಲ್ಲಿದ್ದ ಬ್ರಯಾನ್ ಸ್ಕಿನ್ನರ್ ಎಂಬ ಭೌತವಿಜ್ಞಾನಿ ಆ ಪ್ರಬಂಧದ ಒಂದು ನಕ್ಷೆಯತ್ತ ಬೆರಳು ತೋರಿಸಿದರು. ಕಾಂತಕ್ಷೇತ್ರಕ್ಕೆ ವಸ್ತುವಿನ ಪ್ರತಿಕ್ರಿಯೆ ಉಷ್ಣತೆಯೊಡನೆ ಹೇಗೆ ಬದಲಾಗುತ್ತದೆ ಎಂಬುದನ್ನು ಬೇರೆಬೇರೆ ಕಾಂತಕ್ಷೇತ್ರಗಳಲ್ಲಿ ಅಳೆದ ನಕ್ಷೆ ಅದು. ಅದರಲ್ಲಿನ ಎರಡು ರೇಖೆಗಳ ಸಣ್ಣಸಣ್ಣ ಏರಿಳಿತಗಳು ಒಂದು ಭಾಗದಲ್ಲಿ ಒಂದೇ ತೆರನಾಗಿದ್ದವು. ಒಂದು ರೇಖೆಯನ್ನು ಕೊಂಚ ಮೇಲಕ್ಕೆತ್ತಿದರೆ ಇನ್ನೊಂದರ ಮೇಲೆ ಕೂರುವಂತಿತ್ತು.

ಇದರಲ್ಲೇನು ವಿಶೇಷ ಎನ್ನುವವರು ಅಡಿಕೆ, ಮೆಕ್ಕೆಜೋಳ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯನ್ನು ನೆನೆಯಬೇಕು. ಚೀಲ ಇಟ್ಟ ಮೇಲೂ ಕೊನೆಯ ಅಂಕಿ ಕುಣಿಯುತ್ತಿರುತ್ತದೆ. ಬೀಸುವ ಗಾಳಿ, ನೆಲದ ಅದುರು, ವಿದ್ಯುನ್ಮಂಡಲದ ಒಳಗಿನ ಏರುಪೇರು ಎಲ್ಲ ಸೇರಿ ಆಗುವ ಈ ಕುಣಿತವನ್ನು ನಾವು ನಾಯ್ಸ್ ಅಥವಾ ಗದ್ದಲ ಎನ್ನುತ್ತೇವೆ. ಅದಕ್ಕೆ ಕ್ರಮವಿಲ್ಲ. ಇವತ್ತು ಒಂದು ಚೀಲ ತೂಗುವಾಗ ಕಂಡ ಕುಣಿತವೇ ನಾಳೆ ಇನ್ನೊಂದು ಚೀಲ ತೂಗುವಾಗಲೂ ಕ್ಷಣಕ್ಷಣಕ್ಕೂ ಹಾಗೆಯೇ ಕಂಡರೆ ರೈತನಿಗೂ ಅನುಮಾನ ಬಾರದಿರದು. ಹಾಗೆಂದು ಇಷ್ಟರಿಂದಲೇ ಯಾರೋ ಮೋಸ ಮಾಡಿದರೆಂದು ತೀರ್ಮಾನಿಸುವುದೂ ತಪ್ಪು. ಉಪಕರಣದ್ದೋ ವಸ್ತುವಿನದ್ದೋ ನಮಗೆ ತಿಳಿಯದ ಕಾರಣ ಇದ್ದೀತು. ಸಂಶೋಧಕರು ತಮ್ಮ ಹೇಳಿಕೆಯನ್ನು ಹಿಂತೆಗೆದುಕೊಳ್ಳಲಿಲ್ಲ. 2019ರ ಮೇ ತಿಂಗಳಲ್ಲಿ ಇನ್ನಷ್ಟು ಸಹಲೇಖಕರೊಂದಿಗೆ ವಿಸ್ತೃತ ಆವೃತ್ತಿಯನ್ನು ಹೊರತಂದರು. ಆದರೆ ಬೇರೆ ಪ್ರಯೋಗಾಲಯಗಳು ಅದನ್ನು ಸ್ವತಂತ್ರವಾಗಿ ದೃಢಪಡಿಸಿ, ವಿಜ್ಞಾನ ಲೋಕ ಒಪ್ಪಿಕೊಂಡಿದೆ ಎನ್ನುವ ಸ್ಥಿತಿ ಇಂದಿಗೂ ಬಂದಿಲ್ಲ. 2023ರಲ್ಲಿ ಕೊರಿಯಾದಿಂದ ಬಂದ ಎಲ್‌ಕೆ-99ರ ಘೋಷಣೆ ಇಷ್ಟು ಕಾಲವೂ ನಿಲ್ಲಲಿಲ್ಲ. ಕೆಲವೇ ವಾರಗಳಲ್ಲಿ ಹಲವು ದೇಶಗಳ ಪ್ರಯೋಗಾಲಯಗಳು ಅದು ಅತಿವಾಹಕವಲ್ಲವೆಂದು ತೋರಿಸಿದವು.

ಇದನ್ನೆಲ್ಲ ವಿವರಿಸುತ್ತಿದ್ದಾಗ ಆ ಹುಡುಗ ಇನ್ನೊಂದು ಪ್ರಶ್ನೆ ಹಾಕಿದ. "ಅಂಕಿಗಳು ಒಂದೇ ಥರ ಬಂದರೆ ಒಳ್ಳೆಯದಲ್ಲವೇ ಸರ್?" ಈ ಲೇಖನ ಬರೆಯಲು ಕಾರಣವಾದದ್ದು ಅವನ ಮೊದಲ ಪ್ರಶ್ನೆಯಲ್ಲ, ಇದು. ಅವನು ಹಾಗೆ ಕೇಳುವಂತೆ ಮಾಡಿರುವುದು ನಮ್ಮ ಪ್ರಾಕ್ಟಿಕಲ್ಸ್.

ಸರಳ ಲೋಲಕದ ಪ್ರಯೋಗವನ್ನೇ ನೋಡೋಣ. ಒಂದು ಮೀಟರ್ ಉದ್ದದ ಲೋಲಕ 20 ಆಂದೋಲನಗಳಿಗೆ ಸುಮಾರು 40 ಸೆಕೆಂಡು ತೆಗೆದುಕೊಳ್ಳುತ್ತದೆ. ಗಡಿಯಾರ ಒತ್ತುವ ಬೆರಳಿನಿಂದ 0.2 ಸೆಕೆಂಡಿನ ದೋಷವಾದರೂ ಕಾಲದಲ್ಲಿ ಶೇಕಡಾ ಅರ್ಧ, ಅದರ ವರ್ಗವನ್ನು ಬಳಸುವುದರಿಂದ ಗುರುತ್ವ ವೇಗೋತ್ಕರ್ಷದಲ್ಲಿ ಶೇಕಡಾ ಒಂದು ವ್ಯತ್ಯಾಸ ಬರುತ್ತದೆ. ಎಂದರೆ ಇಂಥ ಒಂದೊಂದು ಅಳತೆಯಲ್ಲಿ 9.7 ಬಂದರೂ 9.9 ಬಂದರೂ ಅದು ಪ್ರಾಮಾಣಿಕ ಉತ್ತರವೇ. ಆದರೆ 40 ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕ ತೆರೆದರೆ ನಲವತ್ತರಲ್ಲೂ 9.80 ಅಥವಾ 9.81. ಸ್ಕಿನ್ನರ್ ಕೇಳಿದ ಪ್ರಶ್ನೆಯನ್ನು ನಮ್ಮ ಪ್ರತಿ ಕಾಲೇಜಿನ ಪ್ರತಿ ಬ್ಯಾಚಿಗೂ ಕೇಳಬಹುದು! ತಮಾಷೆಯೆಂದರೆ ಆ ನಕಲು ಉತ್ತರ ನಮ್ಮ ಊರಿನದೂ ಅಲ್ಲ. 9.81 ಯುರೋಪಿನ ಅಕ್ಷಾಂಶಗಳಿಗೆ ಸರಿಹೊಂದುವ ಬೆಲೆ. ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದ ನ್ಯಾಮತಿಯಲ್ಲಿ ಲೆಕ್ಕದ ಪ್ರಕಾರ ಇರಬೇಕಾದುದು 9.78ರ ಆಸುಪಾಸು.

ಇದನ್ನು ಬರೆಯುವ ನಾನು ಹೊರಗಿನವನಲ್ಲ. ಪದವಿಯಲ್ಲಿದ್ದಾಗ ನನಗೆ 9.4 ಬಂದಿತ್ತು. ದಾರದ ಉದ್ದವನ್ನು ಗುಂಡಿನ ಕೇಂದ್ರದವರೆಗೆ ಅಳೆಯದೆ ಕೊಕ್ಕೆಯವರೆಗೆ ಅಳೆದಿದ್ದೆ ಎಂದು ಈಗ ಊಹಿಸುತ್ತೇನೆ. ಅದನ್ನು ಹುಡುಕಲು ಹೇಳುವ ಬದಲು, ಸರಿಯಾದ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಕಾಲದ ಕಲಮು ತುಂಬಿಕೊಂಡು ಬಾ ಎಂದರು. ತುಂಬಿದೆ, ಪೂರ್ಣ ಅಂಕ ಬಂತು. ಮುಂದೆ ಪರೀಕ್ಷಕನಾದಾಗ ನಾನೂ ಎಷ್ಟೋ ವರ್ಷ 9.80ಕ್ಕೆ ಹೆಚ್ಚು, 9.5ಕ್ಕೆ ಕಡಿಮೆ ಅಂಕ ಕೊಟ್ಟಿದ್ದೇನೆ. ಡಾಕ್ಟರೇಟ್‌ಗಾಗಿ ಪ್ರಯೋಗ ಮಾಡುವಾಗ ಅಳತೆಯ ದೋಷವನ್ನು ಅಂದಾಜು ಮಾಡುವುದನ್ನು ಮೊದಲಿನಿಂದ ಕಲಿಯಬೇಕಾಯಿತು.

ನಮ್ಮ ರಾಜ್ಯದಲ್ಲೇ ಇದಕ್ಕೆ ಬೇರೆ ಮಾದರಿ ಇತ್ತು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು 1965ರಲ್ಲಿ ಪತ್ತೆ ಮಾಡಿದ ಕೋಲಾರದ ಚಿನ್ನದ ಗಣಿಯಲ್ಲಿ, 1980ರ ಕೊನೆಗೆ ಪ್ರೋಟಾನ್ ಕ್ಷಯವನ್ನು ಹುಡುಕುವ ಪ್ರಯೋಗ ಆರಂಭವಾಯಿತು. ಸುಮಾರು 2.3 ಕಿಲೋಮೀಟರ್ ಆಳದಲ್ಲಿ 140 ಟನ್ ತೂಕದ ಉಪಕರಣ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಮತ್ತು ಜಪಾನಿನ ವಿಜ್ಞಾನಿಗಳು ಪ್ರೋಟಾನ್ ಕ್ಷಯದಂತೆ ಕಾಣುವ ಕೆಲವು ಘಟನೆಗಳನ್ನು ದಾಖಲಿಸಿ, ಅವನ್ನು 'ಅಭ್ಯರ್ಥಿ' ಘಟನೆಗಳು ಎಂದು ಕರೆದು ಜಗತ್ತಿನ ಮುಂದಿಟ್ಟರು. ಅಮೆರಿಕದ ಐಎಂಬಿ, ಜಪಾನಿನ ಕಾಮಿಯೋಕಾಂಡೆಗಳ ಬೃಹತ್ ನೀರಿನ ತೊಟ್ಟಿಗಳಲ್ಲಿ ಅಂಥ ಕ್ಷಯ ಸಿದ್ಧಪಡಲಿಲ್ಲ. ಪ್ರೋಟಾನ್ ಸಾಯುವುದನ್ನು ಇಂದಿನವರೆಗೂ ಯಾರೂ ಖಚಿತವಾಗಿ ಕಂಡಿಲ್ಲ. ಕೋಲಾರದ ಆ ಪ್ರಯತ್ನವನ್ನು ಯಾರೂ ಸಣ್ಣದೆನ್ನುವುದಿಲ್ಲ. ನಮ್ಮ ಪಠ್ಯಗಳಲ್ಲಿ ಮಾತ್ರ ಈ ಕಥೆಗೆ ಜಾಗವಿಲ್ಲ. ಗೆದ್ದ ಶೋಧಗಳಿಗಷ್ಟೇ ಅಲ್ಲಿ ಪ್ರವೇಶ.

ಸಂಶೋಧನೆಯ ಮಟ್ಟದಲ್ಲೂ ಇದೇ ಚಾಳಿ ಮುಂದುವರಿದಿದೆ. ಯುಜಿಸಿಯ 2010ರ ನಿಯಮಾವಳಿ ಅಧ್ಯಾಪಕರ ಪ್ರಬಂಧಗಳಿಗೆ ಎಪಿಐ ಅಂಕ ಕಟ್ಟಿತು. ಹಣ ಪಡೆದು ಅಚ್ಚುಹಾಕುವ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದವು. 2018ರಲ್ಲಿ ಯುಜಿಸಿಯೇ ನಾಲ್ಕು ಸಾವಿರಕ್ಕೂ ಹೆಚ್ಚು ಪತ್ರಿಕೆಗಳನ್ನು ತನ್ನ ಪಟ್ಟಿಯಿಂದ ಕಿತ್ತುಹಾಕಬೇಕಾಯಿತು.

ಮಾಡಬಹುದಾದುದು ದುಬಾರಿಯದೇನಲ್ಲ. ಪ್ರಯೋಗ ಮಾಡುತ್ತಲೇ ಪೆನ್ನಿನಲ್ಲಿ ಬರೆದ ಮೂಲ ಅಳತೆಗಳಿಗೆ ಅಧ್ಯಾಪಕರು ಆಗಲೇ ಸಹಿ ಹಾಕಬೇಕು. ಅಂತಿಮ ಉತ್ತರಕ್ಕಿಟ್ಟಿರುವ ಅಂಕಗಳನ್ನು ದೋಷದ ಅಂದಾಜಿಗೆ ವರ್ಗಾಯಿಸಬೇಕು. ಇದನ್ನು ವಿಶ್ವವಿದ್ಯಾನಿಲಯದ ಅಧ್ಯಯನ ಮಂಡಳಿ ಒಂದು ಸಭೆಯಲ್ಲಿ ನಿರ್ಧರಿಸಬಹುದು.

ಅಂದು ನ್ಯಾಮತಿಯಲ್ಲಿ ಊಟವಾದ ಮೇಲೆ ದಾರಕ್ಕೆ ಕಲ್ಲು ಕಟ್ಟಿ, ಮೊಬೈಲ್ ಗಡಿಯಾರ ಹಿಡಿದು ವಿದ್ಯಾರ್ಥಿಗಳು ಗುಂಪುಗುಂಪಾಗಿ ಅಳೆದರು. ಒಂದೊಂದು ಗುಂಪಿಗೆ ಒಂದೊಂದು ಉತ್ತರ ಬಂತು. ಎಲ್ಲವನ್ನೂ ಬೋರ್ಡಿನ ಮೇಲೆ ಬರೆಸಿ, ಹರವು ಎಷ್ಟಿದೆ, ಏಕಿದೆ ಎಂದು ಚರ್ಚಿಸಿದೆವು. 9.6 ಪಡೆದ ಹುಡುಗಿ, ಇದನ್ನು ರೆಕಾರ್ಡಿನಲ್ಲಿ ಬರೆದರೆ ಸಹಿ ಹಾಕುತ್ತಾರಾ ಎಂದು ಕೇಳಿದಳು. ಹಾಕುತ್ತೇನೆ ಎಂದು ಅವರ ಅಧ್ಯಾಪಕರು ಹೇಳಿದರು.