ನೇತ್ರಾಣಿಯ ನೀರೊಳಗಿನ ಚಿತ್ರಗಳು

ಮಹಾಕಾವ್ಯವೆಂದರೆ ಹದಿನೆಂಟು ವರ್ಣನೆಗಳಿರಬೇಕು, ಅವುಗಳಲ್ಲಿ ಸಮುದ್ರವರ್ಣನೆಯೂ ಒಂದಾಗಿರಬೇಕು ಎಂಬುದು ನಮ್ಮ ಹಳೆಯ ಲಾಕ್ಷಣಿಕರ ಕಟ್ಟಳೆ. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ಕವಿಯೂ ಈ ಸುಂಕವನ್ನು ತೆತ್ತೇ ಮುಂದೆ ಹೋಗಬೇಕಾಗಿತ್ತು. ತೆತ್ತರು, ಆದರೆ ದಡದ ಮೇಲೆ ನಿಂತು ತೆತ್ತರು. ತೆರೆ, ನೊರೆ, ಮಕರ, ತಿಮಿಂಗಿಲ, ಮುತ್ತು, ಹವಳ—ಇಷ್ಟರಲ್ಲಿ ಕಡಲು ಮುಗಿಯಿತು. ನೀರಿನೊಳಕ್ಕೆ ನಮ್ಮನ್ನು ನಿಜವಾಗಿ ಕರೆದೊಯ್ದವನು ರನ್ನ. ಅವನ ದುರ್ಯೋಧನ ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದಲ್ಲಿ ಅಡಗಿರುತ್ತಾನೆ. ದಡದಲ್ಲಿ ಭೀಮ ಗರ್ಜಿಸಿದರೆ ಆ ತಣ್ಣೀರಿನಲ್ಲೂ ಅವನ ಮೈ ಬೆವರೊಡೆಯುತ್ತದೆ. ಹತ್ತನೆಯ ಶತಮಾನದ ಆ ಚಿತ್ರವನ್ನು ಮೀರಿಸಿದ ನೀರೊಳಗಿನ ಚಿತ್ರ ಕನ್ನಡದಲ್ಲಿ ಇನ್ನೂ ಬಂದಿಲ್ಲವೆಂದೇ ನನ್ನ ಎಣಿಕೆ. ಅಲ್ಲಿಯೂ ಕವಿಗೆ ಬೇಕಾದುದು ಮನುಷ್ಯನೇ ಹೊರತು ನೀರಲ್ಲ.

ಈಗ ನೀರಿಗೆ ಇಳಿಯಲು ಮಂತ್ರ ಬೇಡ. ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಅರಬ್ಬಿ ಸಮುದ್ರದ ನಡುವೆ, ಜನವಸತಿಯಿಲ್ಲದ ನೇತ್ರಾಣಿ ನಡುಗಡ್ಡೆಯಿದೆ. (ಹೆಸರಿನಲ್ಲಿಯೇ ನೇತ್ರವಿದೆ; ವ್ಯುತ್ಪತ್ತಿಯ ಗೊಡವೆಗೆ ಹೋಗುವುದು ಬೇಡ.) ಮಳೆಗಾಲ ಮುಗಿದ ಮೇಲೆ ಅಲ್ಲಿಗೆ ದೋಣಿ ಹೊರಡುತ್ತದೆ. ಅಂಡಮಾನಿಗೋ ಮಾಲ್ದೀವಿಗೋ ಹೋಗುವ ಖರ್ಚಿಲ್ಲ. ಈಜು ಬಾರದವರಿಗೂ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ, ಹಿಂದಿನಿಂದ ಗುರುವೊಬ್ಬ ಹಿಡಿದುಕೊಂಡು, ಸ್ವಲ್ಪ ಹೊತ್ತು ಹವಳದ ಬಂಡೆಗಳ ಮೇಲೆ ಸುತ್ತಿಸಿ ತರುತ್ತಾರೆ. ಇನ್ನೊಬ್ಬ ಫೋಟೋ ತೆಗೆಯುತ್ತಾನೆ. ಆ ಫೋಟೋ ಮುರ್ಡೇಶ್ವರದಿಂದ ನಮ್ಮ ಗಿಣಿಗೇರಾದವರೆಗೆ ಮೊಬೈಲಿನಲ್ಲಿ ಬರುತ್ತದೆ. ಇಳಿದವರ ಧೈರ್ಯದ ಬಗ್ಗೆ ನನ್ನ ತಕರಾರಿಲ್ಲ. ಚಿತ್ರದ ಬಗ್ಗೆ ಎರಡು ಮಾತು ಹೇಳಬೇಕಾಗಿದೆ.

ಈ ಚಿತ್ರಗಳೆಲ್ಲ ಒಂದೇ ಅಚ್ಚಿನವು. ನಡುವೆ ಕನ್ನಡಕ ತೊಟ್ಟ ಮುಖ, ಸುತ್ತ ಗುಳ್ಳೆ, ಮೂಲೆಯಲ್ಲೊಂದು ಮೀನಿನ ಬಾಲ. ಕೆಲವರು ಹೆಬ್ಬೆರಳು ಮೇಲೆತ್ತಿ ನಗುತ್ತಾರೆ. ಮುಳುಗುಗಾರರ ಸಂಜ್ಞೆಯಲ್ಲಿ ಅದರ ಅರ್ಥ 'ನನ್ನನ್ನು ಮೇಲಕ್ಕೆ ಕರೆದೊಯ್ಯಿ' ಎಂದು; 'ಚೆನ್ನಾಗಿದ್ದೇನೆ' ಎನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಚಿತ್ರ ಒಂದನ್ನು ಹೇಳುತ್ತದೆ, ಚಿತ್ರದಲ್ಲಿರುವವರು ಇನ್ನೊಂದನ್ನು!

ಬಣ್ಣದ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ನೀರು ಮೊದಲು ನುಂಗುವುದು ಕೆಂಪನ್ನು. ನಾಲ್ಕೈದು ಮೀಟರಿನಲ್ಲೇ ಅದು ಮಂಕಾಗುತ್ತದೆ. ಕಿತ್ತಳೆ, ಹಳದಿಗಳೂ ಬಳಿಕ ಒಂದೊಂದಾಗಿ ಹೋಗಿ ನೀಲಿ-ಹಸಿರು ಉಳಿಯುತ್ತದೆ. ಆಳದಲ್ಲಿ ಬೆರಳು ಗೀರಿದರೆ ರಕ್ತವೇ ಹಸಿರಾಗಿ ಕಾಣುತ್ತದೆ. ಬೆಲೆಬಾಳುವ ಕ್ಯಾಮರಾದವನು ಪ್ರಬಲವಾದ ದೀಪ ಹಿಡಿದು ಕೆಂಪನ್ನು ಹಿಂದಕ್ಕೆ ತರುತ್ತಾನೆ. ಅಗ್ಗದ ಕ್ಯಾಮರಾದವನು ದಡಕ್ಕೆ ಬಂದು ಮೊಬೈಲಿನಲ್ಲಿ ಕೆಂಪು ಬಳಿಯುತ್ತಾನೆ. ದೀಪದ ಚಿತ್ರ ಮೀನಿನ ಮೈಗೆ ನಿಜ, ಮುಳುಗಿದವನ ಕಣ್ಣಿಗೆ ಸುಳ್ಳು. ನನಗೆ ಹಿಡಿಸುವುದು ಏನೂ ಬಳಿಯದ ಆ ಮಸುಕಾದ ಹಸಿರು ಚಿತ್ರವೇ. ಅದರಲ್ಲಿ ನೀರು ಇದೆ. ನಮ್ಮ ಕವಿಗಳು ಸುಂದರಿಯ ತುಟಿಗೆ ಹೋಲಿಸಿದ ಹವಳವಾದರೋ ಒಡವೆಯ ಕೆಂಪು ಹವಳ. ಈ ಬಂಡೆಗಳನ್ನು ಕಟ್ಟುವ ಹವಳದ ಜಾತಿಯೇ ಬೇರೆ. ಉಪಮೆ ಕೈಯಲ್ಲಿ ಹಿಡಿದು ಕೆಳಗಿಳಿದವನಿಗೆ ನಿರಾಶೆ ಕಾದಿದೆ.

ಸಿನಿಮಾ ಇದನ್ನು ದಾಟಿದೆಯೇ? ಕೂಸ್ತೋ ಮತ್ತು ಲೂಯಿ ಮಾಲ್ ಅವರ 'ದಿ ಸೈಲೆಂಟ್ ವರ್ಲ್ಡ್' 1956ರಲ್ಲಿ ಕಾನ್ ಉತ್ಸವದ ಅತ್ಯುಚ್ಚ ಪ್ರಶಸ್ತಿ ಪಡೆಯಿತು. ಕಡಲಿನ ಒಳಗನ್ನು ಲೋಕಕ್ಕೆ ತೋರಿಸಿದ ಆ ಚಿತ್ರದಲ್ಲೇ ಹವಳದ ನಡುವೆ ಸಿಡಿಮದ್ದು ಸಿಡಿಸುವ ದೃಶ್ಯವಿದೆ. ಇಂದು ಅದನ್ನು ನೋಡುವುದು ಕಷ್ಟ. ನಮ್ಮಲ್ಲಿ 2022ರ 'ಗಂಧದ ಗುಡಿ'ಯಲ್ಲಿ ಪುನೀತ್ ರಾಜ್‌ಕುಮಾರ್ ನೇತ್ರಾಣಿಯ ನೀರಿಗಿಳಿದರು. ಅಮೋಘವರ್ಷ ಅವರ ಕಣ್ಣು ಒಳ್ಳೆಯದು, ಅವಸರವಿಲ್ಲದ್ದು. ಆದರೆ ಚಿತ್ರ ತೆರೆಗೆ ಬರುವ ಹೊತ್ತಿಗೆ ಪುನೀತ್ ತೀರಿಕೊಂಡು ವರ್ಷವಾಗಿತ್ತು. ಪ್ರೇಕ್ಷಕ ನೋಡುತ್ತಿದ್ದುದು ಆ ಮುಖವನ್ನು. ಮೀನಿನ ಮೇಲೆ ಯಾರ ಕಣ್ಣು ನಿಂತೀತು? ಕಡಲು ಮತ್ತೆ ಹಿನ್ನೆಲೆಯಾಯಿತು. ಇದನ್ನು ದೋಷವೆನ್ನಲು ನನಗೆ ಮನಸ್ಸು ಬಾರದು.

ನನ್ನ ನಿಜವಾದ ಅಸಮಾಧಾನ ಚಿತ್ರದ ಕೆಳಗಿನ ಬರಹಕ್ಕೆ ಸಂಬಂಧಿಸಿದ್ದು. ಕ್ಲೌನ್ ಫಿಶ್, ಬಟರ್‌ಫ್ಲೈ ಫಿಶ್, ಪ್ಯಾರಟ್ ಫಿಶ್! ಬಂಗಡೆ, ತಾರ್ಲೆ, ತೊರಕೆ ಎಂದು ಕರಾವಳಿಯವರು ಬಲೆಗೆ ಬಿದ್ದುದಕ್ಕೆಲ್ಲ ಹೆಸರಿಟ್ಟಿದ್ದಾರೆ. ತಿನ್ನದ, ಮಾರದ ಬಣ್ಣದ ಮೀನಿಗೂ ಅವರು ಏನಾದರೂ ಅನ್ನುತ್ತಿರಬೇಕು. ದೋಣಿ ನಡೆಸುವವನನ್ನೇ ಕೇಳಬಹುದಲ್ಲ? ಕೇಳುವವರಿಲ್ಲ. ಕವಿರಾಜಮಾರ್ಗಕಾರ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ನಮ್ಮ ಕೊಪಣವನ್ನು ಹೆಸರಿಸಿದ. ಕೊಪ್ಪಳದವರಿಗೆ ಅದೊಂದು ಹೆಮ್ಮೆ. ಆ ತಿರುಳಿನಲ್ಲಿ ಕಡಲ ತಳಕ್ಕೆ ಮಾತಿಲ್ಲದೆ ಹೋದರೆ ಹೆಮ್ಮೆಯೊಂದನ್ನೇ ಇಟ್ಟುಕೊಂಡು ಏನು ಮಾಡುವುದು? ಕೊಕ್ಕಿನಂಥ ಬಾಯಿಯಿಂದ ಹವಳದ ಬಂಡೆಯನ್ನು ಕೆರೆದು ತಿನ್ನುವ ಆ ಪ್ಯಾರಟ್ ಫಿಶ್ಶನ್ನು ಗಿಣಿಮೀನು ಎಂದರೆ ಸಾಕಾಗಿತ್ತು. ಗಿಣಿಗೇರಾದವನಿಗೆ ಆ ಹೆಸರಿನ ಮೇಲೆ ಪಕ್ಷಪಾತವಿದೆಯೆಂದು ವಾಚಕರು ನಕ್ಕರೂ ಚಿಂತೆಯಿಲ್ಲ. ಮುಂದಿನ ಚಿತ್ರದ ಕೆಳಗೆ ಯಾರಾದರೂ ಹಾಗೆ ಬರೆಯಲಿ.